ಹಬ್ಬ ಕಳೀಲಿ

ನಮ್ಮ ಅತ್ತೆ ಸೂಜಿ ಚುಚ್ಚಿಡುವುದಕ್ಕೆ ಇಟ್ಟುಕೊಂಡಿರುವ ವಸ್ತುವನ್ನು ನೀವೊಮ್ಮೆ ನೋಡಬೇಕು. ನಿಂಬೆಹಣ್ಣಿನ ಬಣ್ಣದ್ದು, ಮುಷ್ಟಿಯಲ್ಲಿ ಹಿಡಿಸುವಂಥ ಮೆತ್ತನೆಯ ಚೆಂಡು. ಅದಕ್ಕೊಂದು ಮುಖ ಬರೆದಿದ್ದಾರೆ. ಎರಡು ಕಣ್ಣು, ಕಿವಿ ಇಲ್ಲದಿದ್ದರೂ ಕಿವಿವರೆಗೂ ಹರಿದ ನಗು. ಹಣೆಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಳ, ಒಂದು ಕೆನ್ನೆಯಲ್ಲಿ ರವಿಕೆಗೆ ಹುಕ್ಸು ಹಾಕುವ ಸಣ್ಣ ಸೂಜಿ, ಇನ್ನೊಂದು ಕೆನ್ನೆಯಲ್ಲಿ ಸೀರೆಯ ಪಿನ್ನುಗಳು. ಆದರೂ ಮಹಾರಾಯ ನಗುತ್ತಲೇ ಇದ್ದಾನೆ.

"ಇದು ಒಳ್ಳೇದು ಕಣಮ್ಮ, ಎಷ್ಟು ಚುಚ್ಚಿದ್ರೂ ನಗ್ತಾನೇ ಇರ್ತದೆ" ಎಂದು ಅತ್ತೆ ಅದಕ್ಕೊಂದು ಪ್ರಶಸ್ತಿ ಕೊಟ್ಟರು. ಕೊಡುವಾಗ ಒಂದು ಸಲ ನನ್ನ ಕಡೆಯೂ ನೋಡಿದರು. ಆ ನೋಟದಲ್ಲಿ ಹೋಲಿಕೆ ಇತ್ತು, ಹೋಲಿಕೆಯಲ್ಲಿ ನಾನು ಸೋತಿದ್ದೆ.

ಆ ಚೆಂಡು ನಮ್ಮ ಕಂಪನಿಯವರು ನನಗೆ ದಯಪಾಲಿಸಿದ್ದು. ನಾನು ಹಿಂದೂಪುರದ ಹೊರಗಿರುವ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಎಚ್.ಆರ್. ಅಂದರೆ ಪರಿಗಿ, ಗೋರಂಟ್ಲ, ಚಿಲಮತ್ತೂರಿನ ಕಡೆಯಿಂದ ಬಸ್ಸುಗಳಲ್ಲಿ ಬಂದಿಳಿಯುವ ಹೆಂಗಸರಿಗೆ ರಜೆ ಕೊಡುವವಳು. ಕೊಡುವವಳು ಎಂದು ಬೋರ್ಡಿನಲ್ಲಿದೆ. ನಿಜವಾದ ಕೆಲಸ ಕೊಡದೆ ಇರುವುದು. ಹಬ್ಬ ಹತ್ತಿರ ಬಂತೆಂದರೆ ಇಡೀ ಫ್ಯಾಕ್ಟರಿಯಲ್ಲಿ ನನ್ನಷ್ಟು ಬೇಕಾದವಳೂ ಬೇಡವಾದವಳೂ ಇನ್ನೊಬ್ಬಳಿರುವುದಿಲ್ಲ. ಯುಗಾದಿ ಬೇರೆ ಮಾರ್ಚಿನ ಮೂಲೆಗೇ ಬಂದು ಕೂರುತ್ತದೆ. ಲೆಕ್ಕದ ವರ್ಷದ ಕೊನೆ, ಶಿಪ್‌ಮೆಂಟು, ಆಡಿಟ್ಟು, ಬೇವುಬೆಲ್ಲ ಎಲ್ಲವೂ ಒಂದೇ ವಾರದಲ್ಲಿ ಕೈ ಕೈ ಹಿಡಿದು ಬರುತ್ತವೆ. ಇಂಥ ಹೊತ್ತಿನಲ್ಲಿ ನಮ್ಮ ಮೇಲಿನವರಿಗೆ ಸಿಬ್ಬಂದಿಯ ಮನಸ್ಸಿನ ಆರೋಗ್ಯದ ಚಿಂತೆ ಹತ್ತಿಬಿಟ್ಟಿತು. ರಜೆ ಕೊಡೋಣ ಎಂದು ಯಾರಿಗೂ ಹೊಳೆಯಲಿಲ್ಲ. 'ಹಬ್ಬದ ದಿನಗಳಲ್ಲಿ ಒತ್ತಡ ನಿರ್ವಹಣೆ' ಎಂಬ ತರಬೇತಿ ಕೊಡೋಣ ಎಂದು ಹೊಳೆಯಿತು. ತರಬೇತಿಯನ್ನು ಭಾನುವಾರ ಇಟ್ಟರು, ಕೆಲಸದ ದಿನ ಹಾಳಾಗಬಾರದಲ್ಲ.

ಬೆಂಗಳೂರಿನಿಂದ ಬಂದ ತರಬೇತುದಾರರು ಇಸ್ತ್ರಿ ಮುರಿಯದ ಅಂಗಿ ಹಾಕಿಕೊಂಡು, ತಣ್ಣನೆಯ ದನಿಯಲ್ಲಿ, "ಎಲ್ಲರೂ ಕಣ್ಣು ಮುಚ್ಚಿ, ಪಕ್ಕದಲ್ಲೇ ಒಂದು ನದಿ ಜುಳುಜುಳು ಹರೀತಾ ಇದೆ ಅಂದ್ಕೊಳ್ಳಿ" ಎಂದರು. ನಮ್ಮ ಕಡೆಯವರಿಗೆ ನದಿ ಎಂದರೆ ಮರಳು. ನಾನು ಕಷ್ಟಪಟ್ಟು ಕಲ್ಪಿಸಿಕೊಂಡೆ. ಕಣ್ಣ ಮುಂದೆ ಬಂದದ್ದು ಮುನಿಸಿಪಾಲಿಟಿಯ ನೀರಿನ ಟ್ಯಾಂಕರ್. ಬಂದ ಕೂಡಲೇ ಎದೆ ಡವಡವ ಎಂದಿತು. ಬಿಂದಿಗೆ ಎಲ್ಲಿ, ಪೈಪು ಎಲ್ಲಿ, ಮೂಲೆಮನೆಯವಳು ಆಗಲೇ ಮುಂದೆ ಹೋಗಿ ನಿಂತುಬಿಟ್ಟಳೇ ಎಂದು ಕಣ್ಣು ಬಿಟ್ಟೆ. ಹಿಂದಿನ ಸಾಲಿನಲ್ಲಿ ಲೈನ್ ಸೂಪರ್‌ವೈಸರ್ ಸರೋಜ ಗೊರಕೆ ಹೊಡೆಯುತ್ತಿದ್ದಳು. ಇಡೀ ತರಬೇತಿಯಿಂದ ಲಾಭ ಆದದ್ದು ಅವಳೊಬ್ಬಳಿಗೆ. ಕೊನೆಗೆ ಎಲ್ಲರಿಗೂ ಒಂದೊಂದು ಹಳದಿ ಚೆಂಡು ಕೊಟ್ಟು, ಸಿಟ್ಟು ಬಂದಾಗ ಹಿಸುಕಿ ಎಂದರು. ನಾನು ಅಲ್ಲೇ ಹಿಸುಕಿ ನೋಡಿದೆ.

ನನ್ನ ಒತ್ತಡದ ವಿಷಯ ಅವರಿಗೇನು ಗೊತ್ತು. ಅದು ಆ ವರ್ಷ ಕಲ್ಯಾಣದುರ್ಗದಲ್ಲಿತ್ತು, ನನ್ನ ತವರಿನಲ್ಲಿ. ಅಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣು ಹೆಚ್ಚುಕಡಿಮೆ ಕೆಲಸ ನಿಲ್ಲಿಸಿತ್ತು, ಎಡಗಣ್ಣು ಅದರ ಹಿಂದೆಯೇ ಹೊರಟಿತ್ತು. ಬಲಗಣ್ಣಿಗೆ ಬೇಗ ಆಪರೇಷನ್ ಮಾಡಿಸಿ, ತಡವಾದಷ್ಟೂ ಕಷ್ಟ ಎಂದು ಡಾಕ್ಟರು ದಸರೆಯಲ್ಲೇ ಹೇಳಿದ್ದರು. ಅಮ್ಮ, "ದೀಪಾವಳಿ ಒಂದು ಕಳೀಲಿ ಕಣೇ" ಎಂದಳು. ದೀಪಾವಳಿ ಕಳೆಯಿತು. ಕಾರ್ತೀಕ ಕಳೀಲಿ ಎಂದಳು. ಆಮೇಲೆ ಸುಬ್ಬರಾಯನ ಷಷ್ಠಿ, ಆಮೇಲೆ ಸಂಕ್ರಾಂತಿ, ಆಮೇಲೆ ಶಿವರಾತ್ರಿ. ಗಡಿಯಲ್ಲಿರುವ ನಮಗೆ ಕನ್ನಡದ ಹಬ್ಬಗಳೂ ನಮ್ಮವೇ, ತೆಲುಗಿನ ಪಂಡಗಗಳೂ ನಮ್ಮವೇ. ಎರಡರ ನಡುವೆ ಒಂದು ಆಪರೇಷನ್ ತೂರಿಸುವಷ್ಟು ಜಾಗ ಸಿಗಬೇಕಲ್ಲ.

ಅಮ್ಮ ಒಂಟಿಯೇನಲ್ಲ. ತಮ್ಮ ಸೀನ, ಅವನ ಹೆಂಡತಿ, ಇಬ್ಬರು ಮಕ್ಕಳು ಜೊತೆಯಲ್ಲೇ ಇದ್ದಾರೆ. ಆದರೆ ಹಬ್ಬದ ಅಡುಗೆ ತಾನು ಮಾಡದಿದ್ದರೆ ದೇವರು ಉಪವಾಸ ಬೀಳುತ್ತಾನೆಂದು ಅವಳ ನಂಬಿಕೆ. ಬೇಳೆಯನ್ನು ಅವಳೇ ಆರಿಸುತ್ತಿದ್ದಳು. ಹೀಗಾಗಿ ಆ ವರ್ಷ ನಮ್ಮ ತವರಿನ ಒಬ್ಬಟ್ಟಿನ ಹೂರಣದಲ್ಲಿ ಕಲ್ಲು ಸಿಗುವುದು ಮಾಮೂಲಾಯಿತು. ಯಾರೂ ಬಾಯಿ ಬಿಡಲಿಲ್ಲ, ಸುಮ್ಮನೆ ಬಾಯೊಳಗಿಂದ ತೆಗೆದು ತಟ್ಟೆಯ ಕೆಳಗಿಟ್ಟರು. ಅಲ್ಲಿಯವರೆಗೆ ನಗಬಹುದಿತ್ತು. ಸಂಕ್ರಾಂತಿಯ ದಿನ ಒಲೆಯ ಮೇಲಿನ ಪಾತ್ರೆಗೆ ಕೈ ಚಾಚಿದವಳ ಸೆರಗಿಗೆ ಬೆಂಕಿ ಹತ್ತಿತು. ಸೀನನ ಹೆಂಡತಿ ಪಕ್ಕದಲ್ಲೇ ಇದ್ದಳು, ನೀರು ಎರಚಿದಳು, ಸೀರೆ ಹೋಯಿತು, ಅಮ್ಮ ಉಳಿದಳು. ನನಗೆ ಸುದ್ದಿ ಫೋನಿನಲ್ಲಿ ಬಂತು. ಮುಂದಿನ ಸಲ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಎಂಬ ಯೋಚನೆ ಅವತ್ತಿನಿಂದ ನನ್ನನ್ನು ಬಿಟ್ಟಿರಲಿಲ್ಲ.

ನಾನೇನು ಕಡಿಮೆಯೇ? ಅವಳು ಹಬ್ಬ ಕಳೀಲಿ ಎಂದರೆ, ನಾನು ಶಿಪ್‌ಮೆಂಟ್ ಹೋಗಲಿ ಎನ್ನುತ್ತಿದ್ದೆ. ತಾಯಿಮಗಳ ಒಪ್ಪಂದ ಹೀಗೆ ಚೆನ್ನಾಗಿಯೇ ನಡೆದಿತ್ತು.

ಶಿವರಾತ್ರಿ ಆದ ಮೇಲೆ ಹಟ ಹಿಡಿದು ಹಿಂದೂಪುರದ ಕಣ್ಣಾಸ್ಪತ್ರೆಗೆ ಫೋನು ಮಾಡಿದೆ. ತಾರೀಖುಗಳೆಲ್ಲ ಭರ್ತಿ. ಒಂದೇ ಒಂದು ದಿನ ಖಾಲಿ ಇತ್ತು, ಯುಗಾದಿಯ ಮಾರನೇ ದಿನ. "ಆ ರೋಜು ಎವರೂ ರಾರು ಮೇಡಂ" ಎಂದು ರಿಸೆಪ್ಷನ್ನಿನ ಹುಡುಗಿ ನಕ್ಕಳು. ಆ ದಿನ ಯಾರೂ ಬರುವುದಿಲ್ಲವಂತೆ. ಯಾಕೆ ಬರುತ್ತಾರೆ? ಅದು ವರ್ಷತೊಡಕು.

ತೊಡಕು ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಯುಗಾದಿಯ ದಿನ ಎಣ್ಣೆನೀರು, ಬೇವುಬೆಲ್ಲ, ಒಬ್ಬಟ್ಟು. ಮಾರನೇ ದಿನ ಬಾಡೂಟ. ಅದರ ಜೊತೆಗೆ ಒಂದು ಕಾನೂನಿದೆ. ತೊಡಕಿನ ದಿನ ಏನು ಮಾಡುತ್ತೀರೋ ವರ್ಷವೆಲ್ಲ ಅದೇ ಮಾಡುತ್ತೀರಿ. ಅತ್ತರೆ ವರ್ಷವೆಲ್ಲ ಅಳು, ಬೈಸಿಕೊಂಡರೆ ವರ್ಷವೆಲ್ಲ ಬೈಗುಳ, ಮಲಗಿದರೆ ವರ್ಷವೆಲ್ಲ ನಿದ್ದೆ. ಹಾಗಾಗಿ ಆ ದಿನ ನಮ್ಮ ಕಡೆ ಮನುಷ್ಯರೆಲ್ಲ ದೇವತೆಗಳಾಗುತ್ತಾರೆ. ಆ ಅಂಗಿಯ ತರಬೇತುದಾರರು ಒಂದು ದಿನವಿಡೀ ಕಲಿಸಲು ಹೋಗಿ ಸೋತದ್ದನ್ನು ನಮ್ಮ ಊರುಗಳು ಪ್ರತಿ ವರ್ಷ ಮಾಡಿ ತೋರಿಸುತ್ತವೆ. ಶಾಂತವಾಗಿರಲೇಬೇಕು ಎಂಬ ಗಾಬರಿಯಲ್ಲಿ ಬೆಳಗಿನಿಂದ ಎಲ್ಲರ ಮೈ ಬಿಗಿದಿರುತ್ತದೆ, ಅಷ್ಟೇ.

ನಾವು ಚಿಕ್ಕವರಿದ್ದಾಗ ಈ ಕಾನೂನಿನ ಪೂರ್ತಿ ಲಾಭ ಪಡೆದವರು. ನಮ್ಮಪ್ಪನ ಸಿಟ್ಟು ಇಡೀ ಬೀದಿಗೆ ಪರಿಚಯವಿತ್ತು. ತೊಡಕಿನ ದಿನ ಮಾತ್ರ ಅಪ್ಪ ಹಲ್ಲು ಕಚ್ಚಿಕೊಂಡು, "ಹಂಗೆಲ್ಲ ಮಾಡಬಾರ್ದು ಕಣಮ್ಮ" ಎಂದು ಜೇನಿನಂಥ ದನಿಯಲ್ಲಿ ಹೇಳುತ್ತಿದ್ದರು. ನಾವು ಹಂಗೆಲ್ಲ ಮಾಡುತ್ತಿದ್ದೆವು. ಮಸಿ ಚೆಲ್ಲಿದೆವು, ಹೂರಣ ಕದ್ದೆವು, ಅಪ್ಪನ ಸೈಕಲ್ಲಿನ ಗಾಳಿ ಬಿಟ್ಟೆವು. ತಡೆಯಲಾಗದೆ ಅವರು ಎದ್ದು ಬೆಟ್ಟದ ಕಡೆ ನಡೆದುಬಿಡುತ್ತಿದ್ದರು, ಸಾರು ಕುದಿಯುವ ಹೊತ್ತಿಗೆ ಬರುತ್ತಿದ್ದರು. ಒಂದು ವರ್ಷ ಸೀನ ಬೇವಿನ ಮರದಿಂದ ಬಿದ್ದು ಮೊಣಕಾಲು ಸಿಗಿದುಕೊಂಡ. ರಕ್ತ ಇಳಿಯುತ್ತಿತ್ತು. ಅಮ್ಮ, ಅಪ್ಪ, ಪಕ್ಕದ ಮನೆಯವರು ಎಲ್ಲ ಸುತ್ತ ಕೂತು, "ಅಳಬ್ಯಾಡ ಕಣ್ಲಾ, ನಗು, ನಗು" ಎಂದು ಬೆನ್ನು ಸವರಿದರು. ಅವನು ಕಣ್ಣೀರಿಳಿಸುತ್ತಾ ಹಲ್ಲು ಬಿಟ್ಟು ಕೂತಿದ್ದ. ಆ ಮುಖ ನನಗೆ ಇವತ್ತಿಗೂ ನೆನಪಿದೆ, ಅತ್ತೆಯ ಸೂಜಿಚೆಂಡನ್ನು ನೋಡಿದಾಗಲೆಲ್ಲ ಬರುತ್ತದೆ. ಮಾರನೇ ದಿನ ಸೂರ್ಯ ಹುಟ್ಟಿದ ಮೇಲೆ ಅಪ್ಪ ಮಸಿ, ಹೂರಣ, ಸೈಕಲ್ಲು ಮೂರಕ್ಕೂ ಒಟ್ಟಿಗೇ ಬಾರಿಸಿದರು.

ಮದುವೆಯಾಗಿ ಹಿಂದೂಪುರಕ್ಕೆ ಬಂದೆ. ಇಲ್ಲಿ ತೊಡಕು ಇನ್ನೂ ಬಿಗಿ. ನಮ್ಮ ಅತ್ತೆ ತೊಡಕಿನ ವಿಷಯದಲ್ಲಿ ಸುಪ್ರೀಂ ಕೋರ್ಟು. ಒಂದು ಸಲ ಅವರಿಗೆ ತೊಡಕಿನ ದಿನ ಹಲ್ಲುನೋವು ಬಂದಿತ್ತು. ಕೆನ್ನೆ ಬನ್ನಿನ ಹಾಗೆ ಊದಿದ್ದರೂ ಮಾತ್ರೆ ಮುಟ್ಟಲಿಲ್ಲ, ವರ್ಷವೆಲ್ಲ ಮಾತ್ರೆ ನುಂಗಬೇಕಾಗುತ್ತದೆಂದು. ಲವಂಗ ಕಚ್ಚಿಕೊಂಡು ಬಾಗಿಲಲ್ಲಿ ಕೂತು ಬಂದವರಿಗೆಲ್ಲ ನಗುಮುಖ ತೋರಿಸಿದರು. ಇಂಥವರ ಸೊಸೆಯಾಗಿ ನಾನು ತೊಡಕಿನ ದಿನಕ್ಕೇ ಆಸ್ಪತ್ರೆಯ ತಾರೀಖು ಹಿಡಿದುಕೊಂಡು ಬಂದಿದ್ದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ. ಅಮ್ಮನನ್ನು ಹಬ್ಬಕ್ಕೆ ಕರೆತರುತ್ತೇನೆ ಎಂದಷ್ಟೇ ಹೇಳಿದೆ. ನಮ್ಮನೆಯವರು ಹಾರ್ಡ್‌ವೇರ್ ಅಂಗಡಿಯವರು, ಪ್ರಪಂಚದ ಯಾವ ಸಮಸ್ಯೆಗೂ, "ನೋಡಾನ ಬುಡು" ಎನ್ನುತ್ತಾರೆ. ಇದಕ್ಕೂ ಅದನ್ನೇ ಅಂದರು.

ಫ್ಯಾಕ್ಟರಿಯಲ್ಲಿ ರಜೆ ಸುಲಭವಾಗಿ ಸಿಕ್ಕಿತು, ಯಾಕೆಂದರೆ ಕೇಳಬೇಕಾದದ್ದು ನನ್ನನ್ನೇ. ತಿರುಪ್ಪೂರಿನ ಕಡೆಯವರಾದ ನಮ್ಮ ಮ್ಯಾನೇಜರು, "ಯುಗಾದಿ ನಿನ್ನೇನೇ ಆಯ್ತಲ್ಲ, ಇದೇನಿದು ಎರಡನೇ ದಿನ?" ಎಂದು ಪ್ರತಿ ವರ್ಷ ಕೇಳುತ್ತಾರೆ. ತೊಡಕಿನ ದಿನ ದುಡಿದರೆ ವರ್ಷವೆಲ್ಲ ದುಡಿಯಬೇಕಾಗುತ್ತದೆಂದು ಹೆದರುತ್ತಾರೆ ಸಾರ್ ಎಂದು ಹೇಳಿ ನೋಡಿದ್ದೇನೆ. ಅದು ಒಳ್ಳೆಯದೇ ಅಲ್ಲವೇ ಎಂದು ಅವರಿಗೆ ಅನ್ನಿಸಿದೆ. ಆದರೆ ಆ ದಿನ ಬಸ್ಸುಗಳು ಖಾಲಿ ಬರುತ್ತವೆ, ಮಿಷನ್ನುಗಳು ಬಾಯಿ ಮುಚ್ಚಿಕೊಂಡಿರುತ್ತವೆ. ನನ್ನೊಬ್ಬಳ ರಜೆ ಅದರಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಯುಗಾದಿಯ ದಿನ ಬೆಳಿಗ್ಗೆ ಅತ್ತೆ ತಲೆಗೆ ಎಣ್ಣೆ ಹಚ್ಚಲು ಕರೆದರು. ಬಸ್ಸಿಗೆ ಹೊತ್ತಾಯಿತು ಎಂದು ಎರಡು ಹನಿ ನೆತ್ತಿಗೆ ಮುಟ್ಟಿಸಿಕೊಂಡು ಓಡಿದೆ. ಪಾವಗಡದ ಮೇಲೆ ಕಲ್ಯಾಣದುರ್ಗ. ದಾರಿಯಲ್ಲಿ ಒಂದು ಸಲ ಆಂಧ್ರ, ಒಂದು ಸಲ ಕರ್ನಾಟಕ, ಮತ್ತೆ ಆಂಧ್ರ. ರಾಜ್ಯ ಬದಲಾದಾಗಲೆಲ್ಲ ಫೋನು ಕುಯ್ ಎಂದು ಸ್ವಾಗತ ಕೋರುತ್ತಿತ್ತು. ಅದರ ಜೊತೆಗೇ ಆಫೀಸಿನ ಮೆಸೇಜುಗಳು. ಬ್ಯಾಗಿನಲ್ಲಿ ಹಳದಿ ಚೆಂಡಿತ್ತು. ಹಿಸುಕುತ್ತಾ ಹಿಸುಕುತ್ತಾ ಮಾತಿಗೆ ಪೀಠಿಕೆ ಜೋಡಿಸಿಕೊಂಡೆ.

ಪೀಠಿಕೆ ಯಾವುದಕ್ಕೂ ಬರಲಿಲ್ಲ. ಅಮ್ಮ ಬಾಗಿಲಲ್ಲೇ, "ಯಾರದು, ಎವುರೂ?" ಎಂದು ಎರಡೂ ಭಾಷೆಯಲ್ಲಿ ಕೇಳಿದಳು. ಮಗಳು ಎದುರಿಗೇ ನಿಂತಿದ್ದೆ. ಊಟಕ್ಕೆ ಕೂತಾಗ ಒಬ್ಬಟ್ಟಿನಲ್ಲಿ ಕಲ್ಲು ಸಿಕ್ಕಿತು. ಅದನ್ನು ತಟ್ಟೆಯ ಕೆಳಗಿಟ್ಟು ವಿಷಯ ಎತ್ತಿದೆ.

"ನಾಳೆನಾ? ತೊಡಕಿನ ದಿನಾನಾ?" ಅಮ್ಮ ಎದೆ ಮುಟ್ಟಿಕೊಂಡಳು. "ಆಸ್ಪತ್ರೆ ಮೆಟ್ಲು ಹತ್ತಾದಾ? ವರ್ಷವೆಲ್ಲ ಹತ್ತುಸ್ತೀಯೇನೇ ನನ್ನ? ನಿಮ್ಮತ್ತೆ ಕೇಳಿದ್ರೆ ಏನಂದಾರು! ಬೀಗಿತ್ತಿಗೆ ಅಷ್ಟೂ ತಿಳೀವಲ್ದಾ ಅನ್ನಲ್ವಾ? ಹಬ್ಬ ಕಳೀಲಿ ಕಣೇ, ಆಮ್ಯಾಕೆ ನಾನೇ ಬತ್ತೀನಿ."

"ಯಾವ ಹಬ್ಬಮ್ಮ? ಇನ್ನು ರಾಮನವಮಿ ಬತ್ತದೆ."

"ಅದೂ ಕಳೀಲಿ."

ಸೀನ ಸಮಾಧಾನ ಹೇಳಲು ಬಂದ. ಅವನು ಬಾಡಿಗೆ ಕಾರು ಓಡಿಸುತ್ತಾನೆ. "ತೊಡಕಿನ ದಿನ ಹಿಂದೂಪುರದ ಟ್ರಿಪ್ ಹೊಡುದ್ರೆ ವರ್ಷವೆಲ್ಲ ಲಾಂಗ್ ಟ್ರಿಪ್ಪು ಕಣಮ್ಮ, ನನಗೋಸ್ಕರಾನಾದ್ರೂ ಬಾ" ಎಂದ. ಅಮ್ಮ ಅವನಿಗೆ ಬೇಳೆಯ ಮೊರ ಎತ್ತಿದಳು. ತೊಡಕು ನಾಳೆಯಾದ್ದರಿಂದ ಇವತ್ತು ಬೈಯಲು ಅಡ್ಡಿಯಿರಲಿಲ್ಲ.

ನನಗೆ ಸಿಟ್ಟು ಬಂತು. ಚೆಂಡು ಬ್ಯಾಗಿನಲ್ಲೇ ಉಳಿಯಿತು. ಒಬ್ಬಳೇ ವಾಪಸು ಬರುತ್ತೇನೆ ಎಂದು ಹೇಳಲು ಅತ್ತೆಗೆ ಫೋನು ಮಾಡಿದೆ. ಯಾಕೆ ಎಂದರು. ಮುಚ್ಚಿಡುವ ಶಕ್ತಿ ಇರಲಿಲ್ಲ. ತಾರೀಖು, ಕಣ್ಣು, ಸೆರಗಿನ ಬೆಂಕಿ ಎಲ್ಲ ಒದರಿಬಿಟ್ಟೆ. ಹೋಯಿತು, ಇನ್ನು ಎರಡೂ ಮನೆಯಲ್ಲಿ ನನಗೆ ಬೇವು ಮಾತ್ರ ಎಂದುಕೊಂಡೆ.

"ಫೋನು ಅವ್ರ ಕೈಗೆ ಕೊಡು" ಎಂದರು ಅತ್ತೆ.

ಅಮ್ಮ ತಡವಿ ಫೋನು ಹಿಡಿದಳು. ಅಮ್ಮ ಅತ್ತೆಯನ್ನು ತೆಲುಗಿನಲ್ಲಿ 'ವದಿನಾ' ಎನ್ನುತ್ತಾಳೆ, ಅತ್ತೆ ಅಮ್ಮನನ್ನು ಕನ್ನಡದಲ್ಲಿ 'ಅತ್ತಿಗೆ' ಎನ್ನುತ್ತಾರೆ. ಅರ್ಥ ಒಂದೇ. ನನ್ನ ಮದುವೆಯಾದಾಗಿನಿಂದ ಇಬ್ಬರೂ ಒಬ್ಬರಿಗಿಂತ ಒಬ್ಬರು ಹೆಚ್ಚು ಶಾಸ್ತ್ರ ಬಲ್ಲವರೆಂದು ತೋರಿಸಲು ಮಾತ್ರ ಮಾತಾಡಿದವರು.

"ನೋಡಿ ವದಿನಾ, ಈ ಹುಡುಗೀಗೆ ತೊಡಕು ಅನ್ನಾದೂ ಗೊತ್ತಿಲ್ಲ" ಎಂದು ಅಮ್ಮ ಮೊದಲೇ ಶುರುಮಾಡಿದಳು.

"ಅವಳ ಮಾತು ಬುಡಿ ಅತ್ತಿಗೆ" ಎಂದರು ಅತ್ತೆ. ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳುತ್ತಿತ್ತು. "ತೊಡಕಿನ ದಿನ ಆಸ್ಪತ್ರೆಗೆ ಹೋದ್ರೆ ವರ್ಷವೆಲ್ಲ ಆಸ್ಪತ್ರೆ ಅಂತೀರ. ತೊಡಕಿನ ದಿನ ಕಣ್ ಕಾಣ್ದೆ ಗೋಡೆ ತಡಕಾಡ್ಕಂಡು ಮನೇಲಿ ಕುಂತ್ರೆ ವರ್ಷವೆಲ್ಲ ಏನಾಯ್ತದೆ? ಅದನ್ನ ಹೇಳಿ ನೋಡಾನ."

ಅಮ್ಮ ಗೋಡೆಗೆ ಆನಿಸಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಮಗಳು ಕೈ ಹಿಡ್ಕಂಡು ಕರ್ಕಂಬತ್ತೀನಿ ಅಂತ ಬಂದವಳೆ. ತೊಡಕಿನ ದಿನ ಹಿಡಿದ ಕೈ ವರ್ಷವೆಲ್ಲ ಹಿಡೀತದೆ. ನಿಮಗೆ ಬ್ಯಾಡ ಅಂದ್ರೆ ಬುಡಿ, ನಾನೇ ಅವಳ ಕೈ ಹಿಡ್ಕಂಡು ನನ್ನ ಕಣ್ಣು ತೋರುಸ್ಕಂಬತ್ತೀನಿ."

ನನ್ನ ಅತ್ತೆಯ ಕಣ್ಣು ಚೆನ್ನಾಗಿಯೇ ಇದೆ. ಬೀದಿಯ ಆ ತುದಿಯಲ್ಲಿ ಹೋಗುವವರು ಉಟ್ಟ ಸೀರೆ ಹೊಸದೋ ಹಳೆಯದೋ ಹೇಳುತ್ತಾರೆ. ಲವಂಗ ಕಚ್ಚಿ ಕೂತಿದ್ದ ಅದೇ ಅತ್ತೆ ಇವರೇನಾ ಎಂದು ನಾನು ಫೋನನ್ನೇ ನೋಡುತ್ತಿದ್ದೆ. ಅಮ್ಮ ಸೊಸೆಯನ್ನು ಕರೆದು, "ನನ್ನ ಹಸಿರು ಸೀರೆ ತೆಗ್ದಿಡಮ್ಮ" ಎಂದಳು. ಬೀಗಿತ್ತಿಗಿಂತ ಕಡಿಮೆ ಶಾಸ್ತ್ರ ಬಲ್ಲವಳಾಗಿ ಉಳಿಯಲು ಅವಳಿಗಿಷ್ಟವಿರಲಿಲ್ಲ, ನನಗೆ ಗೊತ್ತು. ಆದರೂ ಆ ಕ್ಷಣ ನನ್ನ ಅತ್ತೆಯ ಮೇಲೆ ಬಂದಷ್ಟು ಪ್ರೀತಿ ನಮ್ಮನೆಯವರ ಮೇಲೂ ಎಂದೂ ಬಂದಿಲ್ಲ.

ತೊಡಕಿನ ದಿನ ಕೋಳಿ ಕೂಗುವ ಹೊತ್ತಿಗೆ ಸೀನ ಕಾರು ತೆಗೆದ. ಆಸ್ಪತ್ರೆಯಲ್ಲಿ ನೊಣವೂ ಇರಲಿಲ್ಲ. ನರ್ಸುಗಳು ಮನೆಯಲ್ಲಿ ಕುದಿಯುತ್ತಿರುವ ಸಾರಿನ ಮಾತಾಡುತ್ತಾ ಅಮ್ಮನ ಕಣ್ಣಿಗೆ ಹನಿ ಹಾಕಿದರು. ಅತ್ತೆ ತಮ್ಮ ಮನೆಯ ಬಾಡಿನ ಸಾರನ್ನು ಮಗನಿಗೆ ಒಪ್ಪಿಸಿ ನಮ್ಮ ಜೊತೆ ಬಂದು ಕೂತಿದ್ದರು. ಎಲ್ಲರೂ ತೊಡಕಿನ ನಗು ನಗುತ್ತಿದ್ದೆವು. ಅಮ್ಮನೂ ನಗುತ್ತಿದ್ದಳು, ಆದರೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಸುಕುತ್ತಿದ್ದಳೆಂದರೆ ಉಂಗುರ ಬೆರಳಿಗೆ ಒತ್ತಿ ಗುರುತು ಬಿತ್ತು. ಅವಳಿಗೆ ಹೆದರಿಕೆಯಾಗಿತ್ತು. ನನಗೂ ಆಗಿತ್ತು. ಬ್ಯಾಗಿನಲ್ಲಿ ಚೆಂಡಿದೆ ಎಂಬುದು ನನಗೆ ನೆನಪಾದದ್ದು ಮನೆಗೆ ಬಂದ ಮೇಲೆ. ಬ್ಯಾಗಿನಿಂದ ಅದು ಉರುಳಿ ಬಿದ್ದಾಗ ಅತ್ತೆ ಎತ್ತಿಕೊಂಡು ಅದರ ಕೆನ್ನೆಗೆ ಮೊದಲ ಸೂಜಿ ಚುಚ್ಚಿದರು.

ಮಾರನೇ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿಸಿಕೊಂಡು ಬಂದೆವು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಬಗ್ಗಬೇಡ, ಒಲೆಯ ಹತ್ತಿರ ಹೋಗಬೇಡ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿ, ಆಫೀಸಿಗೆ ಹೊರಡಲು ಬ್ಯಾಗು ಹೆಗಲಿಗೇರಿಸಿದೆ. ಶಿಪ್‌ಮೆಂಟು ಅವತ್ತು ಹೋಗಬೇಕಿತ್ತು. ಫೋನು ಆಗಲೇ ಬಡಿದುಕೊಳ್ಳುತ್ತಿತ್ತು.

"ಇಲ್ಲಿ ಬಾರೇ ಒಂಚೂರು" ಎಂದಳು ಅಮ್ಮ.

ಹೋದೆ. ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಹೊಸ ಕಣ್ಣಿನಲ್ಲಿ ಮೊದಲು ಸರಿಯಾಗಿ ನೋಡಿದ್ದು ನನ್ನನ್ನೇ ಇರಬೇಕು. ಹಣೆ, ಕಣ್ಣ ಕೆಳಗಿನ ಕಪ್ಪು, ಕಿವಿಯ ಪಕ್ಕದ ಕೂದಲು ಒಂದೊಂದನ್ನೇ ನೋಡಿದಳು. ಬೇಳೆಯನ್ನು ಹಿಂದೆ ಹೀಗೆಯೇ ಆರಿಸುತ್ತಿದ್ದಳು.

"ಇದೇನೇ ನಾಗೂ" ಎಂದಳು. ದನಿ ಸಣ್ಣಗಾಗಿತ್ತು. "ಯಾವಾಗ ಹಿಂಗಾಗ್ಬುಟ್ಟೆ? ನಿನ್ನ ತಲೆ ನನ್ನ ತಲೆಗಿಂತ ಬೆಳ್ಳಗಾಗ್ಯದಲ್ಲೇ. ವದಿನಾ, ಇವಳನ್ನ ಒಂದಿನಾನೂ ಮನೇಲಿ ಕುಂಡ್ರುಸಲ್ವಾ?"

"ಕುಂಡ್ರು ಅಂದ್ರೆ ಕುಂತ್ಕಂತಾಳಾ ಕೇಳಿ ಅತ್ತಿಗೆ. ಯುಗಾದಿ ದಿನ ನೆತ್ತಿಗೆ ಎಲ್ಡು ತೊಟ್ಟು ಎಣ್ಣೆ ಇಕ್ಕಂಡು ಓಡೋದ್ಲು" ಎಂದು ಅತ್ತೆ ಚಾಡಿ ಹೇಳಿಬಿಟ್ಟರು. ಎಷ್ಟೋ ವರ್ಷದ ಪೈಪೋಟಿ ಬಿಟ್ಟು ಇಬ್ಬರೂ ಒಂದಾದದ್ದು ನನ್ನ ವಿರುದ್ಧ.

"ಎಣ್ಣೆ ಬಟ್ಲು ತನ್ನಿ" ಎಂದಳು ಅಮ್ಮ.

"ಅಮ್ಮಾ, ಶಿಪ್‌ಮೆಂಟು! ಅಲ್ದೆ ಹಬ್ಬ ಕಳೀತಲ್ಲಮ್ಮ."

"ಕಳೀಲಿ ಅಂತಲೇ ಕಾಯ್ತಿದ್ದೆ. ಕಳೀತಲ್ಲ. ಕುಂತ್ಕ."

ಅವಳ ಕಾಲ ಬಳಿ ನೆಲದ ಮೇಲೆ ಕೂತೆ. ಅತ್ತೆ ಬೆಚ್ಚಗೆ ಮಾಡಿದ ಎಣ್ಣೆ ತಂದುಕೊಟ್ಟರು. ಫೋನು ಮತ್ತೆ ಹೊಡೆದುಕೊಂಡಿತು. ಕೈ ಚಾಚಲು ಹೋದೆ, ಅಮ್ಮ ಜುಟ್ಟು ಹಿಡಿದು ತಲೆಯನ್ನು ನೆಟ್ಟಗೆ ಕೂರಿಸಿದಳು. ಅತ್ತೆ ಫೋನನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಅಕ್ಕಿಡಬ್ಬದ ಮೇಲಿಟ್ಟರು. ಅಮ್ಮನ ಬೆರಳುಗಳು ನೆತ್ತಿಯಲ್ಲಿ, ಕಿವಿಯ ಹಿಂದೆ, ಹಿಂಗತ್ತಿನಲ್ಲಿ ನಾನು ಚಿಕ್ಕವಳಿದ್ದಾಗಿನ ದಾರಿಯಲ್ಲೇ ಓಡಾಡಿದವು. ಎಣ್ಣೆ ಹಣೆಯಿಂದ ಇಳಿದು ಬರುತ್ತಿತ್ತು.

"ಯಾಕೇ ಅಳ್ತೀಯ?" ಎಂದಳು ಅಮ್ಮ.

ಎಣ್ಣೆ ಕಣ್ಣಿಗೆ ಬಿತ್ತು, ಅದಕ್ಕೇ ಉರಿ ಎಂದೆ. ಅಮ್ಮ ಬಗ್ಗದೆ, ಕೂತಲ್ಲಿಂದಲೇ ನನ್ನ ಮುಖ ಮೇಲೆತ್ತಿ ನೋಡಿದಳು. ಅವಳಿಗೀಗ ಕಣ್ಣು ಚೆನ್ನಾಗಿ ಕಾಣುತ್ತದೆ. ನಂಬಲಿಲ್ಲ.